ಕೇಳಿದವರಿಗೆ ಕೊಡುತ್ತೇವೆ

ಇಂದಿರಾನಗರದ ಒಂದು ಮನೆಯ ಮಹಡಿ ಮೇಲೆ ನಮ್ಮ ಕಂಪನಿ. ಇಂಟರ್ನೆಟ್ ಹಂಚುವ ಚಿಕ್ಕ ಪೆಟ್ಟಿಗೆ ಮಾಡ್ತಿದ್ವಿ. ಅದರೊಳಗಿನ ಪ್ರೋಗ್ರಾಂ ಯಾರ್ಯಾರೋ ಬರೆದು ಲೋಕಕ್ಕೆಲ್ಲ ಬಿಟ್ಟುಕೊಟ್ಟಿದ್ದು. ನಾವು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಮಾರಿದ್ವಿ. ಅದರ ಲೈಸೆನ್ಸಿನಲ್ಲೊಂದು ಷರತ್ತಿತ್ತು: ಯಾರಾದ್ರೂ ಕೇಳಿದ್ರೆ, ನಾವು ತಿದ್ದಿದ ಸೋರ್ಸ್ ಕೋಡನ್ನ, ಅಂದ್ರೆ ಪ್ರೋಗ್ರಾಮಿನ ಮೂಲ ಬರಹವನ್ನ, ಹಾಗೇ ಕೊಡಬೇಕು, ಮೂರು ವರ್ಷದ ತನಕ. ಆ ಮಾತನ್ನ ಚೀಟಿಯಲ್ಲಿ ಬರೆದು ಒಂದೊಂದು ಪೆಟ್ಟಿಗೆಗೂ ಹಾಕಿದೋಳು ನಾನು.

ಒಂದೇ ಲಾಟು ಮಾರಿ ಕಂಪನಿ ಮುಚ್ಚಿತು. ಯಜಮಾನರು ಕೋಡ್ ಇದ್ದ ಸಿ.ಡಿ. ನನ್ನ ಕೈಗಿಟ್ಟು, "ಇಲ್ಲಿಗೆ ಕಾಗದ ಬಂದ್ರೆ ನಿಮ್ಮ ಮನೆಗೇ ಕಳಿಸೋಕೆ ಅಂಚೆ ಆಫೀಸಿಗೆ ಹೇಳಿದ್ದೀನಿ. ಆದ್ರೂ ಯಾರು ಕೇಳ್ತಾರೆ, ಬಿಡಿ" ಅಂದ್ರು. ಮೈ ಉರಿದುಹೋಯ್ತು. ಕೊಟ್ಟ ಮಾತು ಮಾತಲ್ವಾ?

ಕಾಕ್ಸ್‌ಟೌನಿನಲ್ಲಿ ನಂದೊಂದು ಬಾಡಿಗೆ ಕೋಣೆ. ಮನೆಯಲ್ಲೇ ಕೂತು ಕೆಲಸ. ಬೇಕರಿಯಲ್ಲಿ ಬ್ರೆಡ್ ಕೇಳಿದ್ದು ಬಿಟ್ಟರೆ ಇಡೀ ದಿನ ಬಾಯಿ ತೆರೆಯದ ದಿನಗಳೂ ಇದ್ವು. ಮಧ್ಯಾಹ್ನ ಅಂಚೆಯವರು ಬರೋ ಹೊತ್ತಿಗೆ ಮಾತ್ರ ಬಾಗಿಲಲ್ಲಿ ನಿಲ್ತಿದ್ದೆ.

"ಯಾರ ಕಾಗದಕ್ಕೆ ಕಾಯ್ತೀರಾ ಮೇಡಂ, ಮದುವೆ ಗೊತ್ತಾಯ್ತಾ?" ಅಂತ ಒಂದಿನ ಅವರು ಕಿಚಾಯಿಸಿದ್ರು.

"ನಿಮ್ಮ ಕೆಲ್ಸ ನೀವು ನೋಡ್ಕೊಳ್ರೀ" ಅಂದೆ. ಸುಳ್ಳು ಯಾಕೆ ಹೇಳ್ಲಿ, ಕಾಯ್ತಾನೇ ಇದ್ದೆ. ಊರಲ್ಲಿ ಒಬ್ಬರಿಗಾದ್ರೂ ನನ್ನ ಹತ್ರ ಇರೋದು ಬೇಕಾಗ್ಲಿ ಅಂತ ಆಸೆ. ಬೀರುವಿನ ಸಿ.ಡಿ.ಯ ಧೂಳು ವಾರಕ್ಕೊಮ್ಮೆ ಒರೆಸ್ತಿದ್ದೆ. ಒಂದು ಸಲಾನೂ ಹಾಕಿ ನೋಡ್ಲಿಲ್ಲ.

ಎರಡು ವರ್ಷ ಆದ ಮೇಲೆ ಬಂತು ಕಾಗದ. ಕೆ.ಆರ್. ಪುರದಲ್ಲಿ ಸೈಬರ್ ಸೆಂಟರ್ ಇಟ್ಟವರೊಬ್ಬರು ಬರೆದಿದ್ರು. ಪೆಟ್ಟಿಗೆ ಗಳಿಗೆಗೊಮ್ಮೆ ನಿಂತುಹೋಗುತ್ತೆ, ಗಿರಾಕಿಗಳು ಎದ್ದು ಹೋಗ್ತಿದ್ದಾರೆ, ಕೋಡ್ ಕೊಟ್ಟರೆ ನಾನೇ ಸರಿಮಾಡ್ಕೊಳ್ತೀನಿ ಅಂತ. ಪೆಟ್ಟಿಗೆ ತಳದಲ್ಲಿದ್ದ ಪ್ರೋಗ್ರಾಮಿನ ವರ್ಷನ್ ನಂಬರನ್ನೂ ಬರೆದಿದ್ರು. ಕುಣಿಯೋದೊಂದು ಬಾಕಿ ನಂದು.

ಸಿ.ಡಿ. ಹಾಕಿದೆ. ಅದರಲ್ಲಿದ್ದ ನಂಬರೇ ಬೇರೆ, ಒಂದು ಹಿಂದಿನದು; ಅವರ ಪೆಟ್ಟಿಗೆಗೆ ಹೊಂದಲ್ಲ. ಕಂಪನಿಯಲ್ಲಿ ಜೊತೆಗಿದ್ದ ಎಂಜಿನಿಯರಿಗೆ ಫೋನ್ ಮಾಡಿದೆ.

"ಹೂಂ ಕಣೇ, ಪೆಟ್ಟಿಗೆ ಕಳಿಸೋ ಹಿಂದಿನ ದಿನ ಬಹಳಷ್ಟು ತಿದ್ದಿದ್ದೆ. ನನ್ನ ಕಂಪ್ಯೂಟರಲ್ಲೇ ಉಳೀತು. ಕಂಪನಿ ಮುಚ್ಚಿದಾಗ ಅದೂ ಶಿವಾಜಿನಗರದ ಗುಜರಿಗೆ ಹೋಯ್ತಲ್ಲ" ಅಂದ.

ಊಟಕ್ಕಿಲ್ಲದ ಉಪ್ಪಿನಕಾಯಿನ ಎರಡು ವರ್ಷ ಕಾದಿದ್ದೆ ನಾನು.

ಸುಮ್ಮನಿದ್ದಿದ್ರೆ ಯಾರೂ ಕೇಳ್ತಿರ್ಲಿಲ್ಲ. ಮನಸ್ಸು ತಡೀಲಿಲ್ಲ, ಬಸ್ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಎಂಟು ಕಂಪ್ಯೂಟರು, ಒಬ್ಬನೇ ಗಿರಾಕಿ. ಇದ್ದದ್ದನ್ನ ಇದ್ದಹಾಗೆ ಹೇಳಿದೆ. ಅವರು ಡ್ರಾಯರಿನಿಂದ ನನ್ನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆ ಕೂಡ ಹಾಳಾಗದ ಹಾಗೆ ಇಟ್ಕೊಂಡಿದ್ರು.

"ಮತ್ತೆ, ‘ಕೇಳಿ, ಕೊಡ್ತೀವಿ’ ಅಂತ ಯಾಕ್ರೀ ಬರೆದ್ರಿ?"

ಸಿಟ್ಟಿರಲಿಲ್ಲ ಆ ಮನುಷ್ಯನಿಗೆ. ತಿಳ್ಕೊಳ್ಳೋಕೆ ಕೇಳಿದ್ರು, ಅಷ್ಟೇ. ಆ ಎರಡು ವರ್ಷದಲ್ಲಿ ನನ್ನಿಂದ ಏನಾದ್ರೂ ಬೇಕು ಅಂತ ಕೇಳಿದವರು ಅವರೊಬ್ಬರೇ. ಈ ಪ್ರಶ್ನೆಗೂ ನನ್ನ ಹತ್ರ ಕೊಡೋಕೆ ಏನೂ ಇರಲಿಲ್ಲ.