ಚೆನ್ನಕೇಶವ ರಿಪೇರಿ ಮಾಡಿದ ಕೋವಿ

ಸೇಲಂ ಬಳಿಯ ತಾರಮಂಗಲದ ನೇಕಾರರ ಬೀದಿಯಲ್ಲಿ ಚೆನ್ನಕೇಶವನ ಮಗ್ಗದ ಸದ್ದು ನಿಂತಿತೆಂದರೆ ಎಲ್ಲರಿಗೂ ಗೊತ್ತು, ಈ ಮಹಾರಾಯ ಮತ್ತೆ ಕೋವಿ ಬಿಚ್ಚಿಕೊಂಡು ಕೂತ. ನೇಯುವವನಿಗೆ ಕೋವಿ ಯಾಕಪ್ಪಾ ಎಂದರೆ, ಕಡಯಂಪಟ್ಟಿಯ ಬೆಟ್ಟದ ಬುಡದಲ್ಲಿ ಅವನ ಅಪ್ಪನಿಗೆ ಒಂದು ತುಂಡು ಹೊಲವಿತ್ತು. ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿ ಅಪ್ಪ ಒಂದು ನಾಡಕೋವಿ ಇಟ್ಟುಕೊಂಡಿದ್ದ. ಅಪ್ಪ ಹೋದ ಮೇಲೆ, ಗಂಡ ಸತ್ತು ತವರಿಗೆ ಬಂದಿದ್ದ ಅಕ್ಕ ಮುತ್ಯಾಲಮ್ಮನ ಪಾಲಿಗೆ ಹೊಲ ಬಂತು, ಕೋವಿ ತಮ್ಮನ ಪಾಲಿಗೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಕೋವಿ ಹಿಡಿದು ಅಕ್ಕನ ಹೊಲದಲ್ಲಿ ನಿಲ್ಲುವುದು ತಮ್ಮನ ಕೆಲಸ.

ಅಷ್ಟು ಮಾಡಿಕೊಂಡಿದ್ದರೆ ಸಾಕಿತ್ತು. ಆದರೆ ಅವನ ಕೈ ಸುಮ್ಮನಿರಬೇಕಲ್ಲ! ಹಿಡಿಮರ ಒರಟಾಯಿತೆಂದು ಹಲಸಿನ ಮರದಲ್ಲಿ ಹೊಸದು ಕೆತ್ತಿದ. ಅದರ ಮೇಲೆ ಸೀರೆಯಂಚಿನ ಹೂವು ಕೊರೆದ. ನಳಿಗೆಗೆ ಹಿತ್ತಾಳೆ ಪಟ್ಟಿ ಬಿಗಿದ. ಅದು ಹೊಳೆಯಲಿಲ್ಲವೆಂದು ಹುಣಸೆಹಣ್ಣು ಹಾಕಿ ಉಜ್ಜಿದ. ಹೆಂಡತಿ ಕಣ್ಣಮ್ಮ ಸಾರಿಗೆ ಹುಣಸೆ ಹುಡುಕುತ್ತ, "ನಂಗೂ ಒಂದ್ ಪಟ್ಟಿ ಬಿಗ್ದು ಉಜ್ಜಪ್ಪ, ಆಗ್ಲಾದ್ರೂ ನನ್ ಮುಖ ನೋಡ್ತೀಯ," ಎಂದು ಕುಟುಕುತ್ತಿದ್ದಳು.

ಚೆಂದವೇನೋ ಆಯಿತು. ಹಾಳಾದ ಕೋವಿ ಹಾರುವುದನ್ನೇ ಬಿಟ್ಟಿತು! ಹೋದ ವರ್ಷ ಹಂದಿಗಳ ಮುಂದೆ ಕೋವಿಯ ಕುದುರೆ ಎಳೆದರೆ ಕಿಡಿ ಹೊತ್ತಿಸುವ ಕೇಪು ಮಾತ್ರ ಚಟ್ಟೆಂದಿತು, ಒಳಗಿನ ಮದ್ದಿಗೆ ಬೆಂಕಿ ತಾಗಲೇ ಇಲ್ಲ. ಮುತ್ಯಾಲಮ್ಮ ಅರ್ಧ ಬೆಳೆ ಕಳೆದುಕೊಂಡಳು. ಆವತ್ತಿನಿಂದ ಚೆನ್ನಕೇಶವನಿಗೆ ಅನ್ನ ಸೇರದು. ಕೇಪಿಗೆ ಬಡಿಯುವ ಸುತ್ತಿಗೆ ಸಡಿಲವಾಗಿದೆಯೆಂದು ಅದರ ಸ್ಪ್ರಿಂಗ್ ಬದಲಿಸಿದ. ಸ್ಪ್ರಿಂಗ್ ಬಿರುಸಾಯಿತೆಂದು ಅರ ಹಾಕಿ ಸವೆಸಿದ. ಕೇಪು ಕೂರಿಸುವ, ಕಿಡಿ ಒಳಗಿಳಿಯಲು ಸಣ್ಣ ತೂತಿರುವ ಮೊಳೆ ಓರೆಯಾಗಿದೆಯೆಂದು ಸೇಲಂಗೆ ಹೋಗಿ ಹೊಸ ಮೊಳೆ ತಂದು ಹಾಕಿದ. ಹಿಡಿಮರ ಕೆತ್ತಿದಾಗಿನಿಂದಲೂ ಇದ್ದ ರೂಢಿಯಂತೆ, ಪ್ರತಿ ಸಲವೂ ಕೆಲಸ ಮುಗಿದ ಮೇಲೆ ಬಿಸಿನೀರು ಹುಯ್ದು, ಮಗ್ಗದ ಕೆಳಗೆ ಬಿದ್ದ ಹಾಸಿನ ತುದಿನೂಲನ್ನು, ಎಂದರೆ ನೇಯ್ದು ಮಿಕ್ಕ ಉದ್ದೆಳೆಯ ತುಂಡುಗಳನ್ನು, ಕಡ್ಡಿಗೆ ಸುತ್ತಿ, ನಳಿಗೆಯ ಒಳಗೆಲ್ಲ ತಿಕ್ಕಿ ತಿಕ್ಕಿ ಒಣಗಿಸುತ್ತಿದ್ದ. ಆ ಬೀದಿಯಲ್ಲಿ ದೀಪ ಒರೆಸುವುದರಿಂದ ಹಿಡಿದು ಮಗುವಿನ ಮೂಗು ಒರೆಸುವವರೆಗೆ ಎಲ್ಲಕ್ಕೂ ತುದಿನೂಲೇ. ಪರೀಕ್ಷೆಗೆ ಮದ್ದು ಹಾಳು ಮಾಡಬಾರದೆಂದು ಬರೀ ಕೇಪು ಇಟ್ಟು ಹೊಡೆಯುತ್ತಿದ್ದ. ಅದು ಚಟ್ಟೆನ್ನುತ್ತಿತ್ತು, ಇವನಿಗೆ ಜೀವ ಬರುತ್ತಿತ್ತು.

ಮೂವತ್ತಾರನೇ ಇಸವಿಯ ದೀಪಾವಳಿ ಕಳೆದ ಮೇಲೆ ಮುತ್ಯಾಲಮ್ಮ ತಾನೇ ಬಸ್ ಹತ್ತಿ ಬಂದಳು. ಜಗಲಿಯ ಮೇಲೂ ಕೂರಲಿಲ್ಲ.

"ಏನ್ಲಾ ಕೇಶವ, ಈ ಸಲ ಆರ್ತದಾ ನಿನ್ ಕೋವಿ? ಕಾಯಿ ಬಲ್ತೈತೆ, ಅಂದಿ ಆಗ್ಲೇ ಬದಿಗ್ ಬಂದವೆ. ಆಗಲ್ಲಾಂದ್ರೆ ಈಗ್ಲೇ ಏಳ್ಬುಡು. ಪಕ್ಕದ್ ಒಲದ ಪಳನಿಯಪ್ಪನ್‌ಗೆ ಏಳ್ತೀನಿ."

ಚೆನ್ನಕೇಶವನಿಗೆ ಮೈ ಉರಿದುಹೋಯಿತು. "ಅಪ್ಪನ್ ಕೋವಿ ಇಲ್ಲಿರೋವಾಗ ಅಪ್ಪನ್ ಒಲಕ್ಕೆ ಇನ್ನೊಬ್ನ್ ಕೋವಿಯಾ? ಆ ಚೌಡಮ್ಮನ್ ಮೇಲಾಣೆ, ಆರುಸ್ತೀನಿ! ನೀನ್ ಓಗಕ್ಕ," ಎಂದು ಕಿರುಚಿದ.

ಮಾತು ಕೊಟ್ಟವನು ಇನ್ನಾದರೂ ಆ ಕೋವಿಯನ್ನು ಮುಟ್ಟದೆ ಇರಬಾರದಿತ್ತೇ? ಇಲ್ಲ! ಹೊರಡುವ ಹಿಂದಿನ ದಿನ ಮತ್ತೆ ಬಿಚ್ಚಿದ, ಬಿಸಿನೀರು ಹುಯ್ದ, ತುದಿನೂಲಲ್ಲಿ ತಿಕ್ಕಿದ.

ಕಡಯಂಪಟ್ಟಿ ತಲುಪಿದ ಮರುದಿನ ಬೆಳಕು ಹರಿಯುವಾಗ ಹೊಲದ ಬದುವಿನ ಮೇಲೆ ಅಕ್ಕ ತಮ್ಮ ಇಬ್ಬರೂ ನಿಂತಿದ್ದರು. ಗಂಡುಹಂದಿಯೊಂದು ಎದುರಿಗೇ ಗಿಡ ಕಿತ್ತು ಕಾಯಿ ಅಗಿಯುತ್ತಿತ್ತು. ಚೆನ್ನಕೇಶವ ಹೂವು ಕೊರೆದ ಹಿಡಿಮರವನ್ನು ಭುಜಕ್ಕೊತ್ತಿ ಕುದುರೆ ಎಳೆದ. ಚಟ್! ಇನ್ನೊಂದು ಕೇಪಿಟ್ಟ. ಚಟ್! ಹಂದಿ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಕಾಯಿಗೆ ಬಾಯಿ ಹಾಕಿತು. ಅವನಿಗೆ ಕಣ್ಣಲ್ಲಿ ನೀರೇ ಬಂತು. "ಥೂ, ನಿನ್ ವಂಶ ನಾಶನಾಗ!" ಎಂದು ಬೈದದ್ದು ಹಂದಿಗೋ ಕೋವಿಗೋ ಅವನಿಗೇ ತಿಳಿಯದು.

ಪಕ್ಕದ ಹೊಲದಿಂದ ಪಳನಿಯಪ್ಪನ್ ಆಕಳಿಸುತ್ತ ಬಂದ. "ಎನ್ನ ಸಾಮಿ, ವೆಡಿಕ್ಕಲಿಯಾ?" ಎಂದ ತಮಿಳಲ್ಲಿ, ಏನು ಸ್ವಾಮಿ ಸಿಡಿಯಲಿಲ್ಲವಾ ಎಂದು. ಅವನ ಕೋವಿಯನ್ನು ನೋಡಬೇಕಿತ್ತು! ನಳಿಗೆಗೆ ತಂತಿ ಸುತ್ತಿದೆ, ಹಿಡಿಮರಕ್ಕೆ ಗೆದ್ದಲು, ಹುಟ್ಟಿದಾಗಿನಿಂದ ಎಣ್ಣೆ ಕಂಡಿಲ್ಲ. ಅದು ಒಂದೇ ಏಟಿಗೆ ಢಂ ಎಂದಿತು. ಹಂದಿ ಉರುಳಿತು, ಉಳಿದವು ಬೆಟ್ಟ ಹತ್ತಿದವು. ಮುತ್ಯಾಲಮ್ಮ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದವನು ಕೋವಿಯನ್ನು ಮಗ್ಗದ ಗುಂಡಿಗೆ ಎಸೆದು ಗೋಡೆಗೊರಗಿ ಕೂತ. ಕಣ್ಣಮ್ಮ ಅದನ್ನೆತ್ತಿ, ಮೊಳೆಯ ಸಣ್ಣ ತೂತನ್ನು ಸೂಜಿಯಲ್ಲಿ ಚುಚ್ಚಿದಳು. ಬೆಳ್ಳಗೆ ಗಟ್ಟಿಯಾದದ್ದೇನೋ ಪುಡಿಯಾಗಿ ಉದುರಿತು. ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು. ದಿನಾ ಬೆಳಿಗ್ಗೆ ಬೀದಿಯಲ್ಲಿ ಹಾಸು ಕಟ್ಟಿ ನೂಲಿಗೆ ಗಂಜಿ ಬಳಿಯುವವಳಿಗೆ ಇನ್ನೇನು ತಿಳಿಯಬೇಕು?

"ಗಂಜಿ ಕಣಯ್ಯಾ! ಗಂಜಿ ನೂಲಿಗ್ ಬಿಸ್ನೀರು ಉಯ್ದು ತಿಕ್ಕುದ್ರೆ ಇನ್ನೇನಾಯ್ತದೆ? ಕರಗಿ ತೂತ್ನಾಗ್ ಇಳ್ದು ಕಚ್ಕಂಡೈತೆ."

ಸ್ಪ್ರಿಂಗ್ ಬದಲಿಸಿದ್ದು, ಅರ ಹಾಕಿ ಸವೆಸಿದ್ದು, ಸೇಲಂಗೆ ಅಲೆದದ್ದು, ಎಲ್ಲ ದಂಡ! ಚೆನ್ನಕೇಶವ ಎದ್ದು ಹಳೆಯ ಪಂಚೆ ಹರಿದು, ಕೋವಿಯ ಮದ್ದೆಲ್ಲ ತೆಗೆದು ತೊಳೆದು ಆ ಬಟ್ಟೆಯಲ್ಲಿ ಒರೆಸಿದ. ಒಣಗಿದ ಕೆರೆಯಂಗಳಕ್ಕೆ ಹೋಗಿ ಹೊಸ ಮದ್ದು ತುಂಬಿ ಕುದುರೆ ಎಳೆದ. ಢಂ! ದಡದ ಆಲದ ಮರದ ಕಾಗೆಗಳೆಲ್ಲ ಎದ್ದವು. ಇನ್ನೊಂದು ಸಲ ಹೊಡೆದ, ಢಂ!

ಮರುದಿನವೇ ಕೋವಿ ಹೆಗಲಿಗೇರಿಸಿ ಕಡಯಂಪಟ್ಟಿಗೆ ಓಡಿದ. ಮುತ್ಯಾಲಮ್ಮ ಕಿತ್ತ ಗಿಡಗಳ ರಾಶಿಯ ಮುಂದೆ ಕಾಯಿ ಬಿಡಿಸುತ್ತಿದ್ದಳು. ಅವನು ನಿಂತಲ್ಲೇ ಒಂದೇ ಉಸಿರಿಗೆ ಗಂಜಿಯ ಕಥೆಯನ್ನೆಲ್ಲ ಒದರಿದ. "ಆರ್ತದಕ್ಕ, ಚೆನ್ನಾಗ್ ಆರ್ತದೆ! ಮುಂದಿನ್ ವರ್ಷ ನೋಡ್ತಿರು!"

ಮುತ್ಯಾಲಮ್ಮ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಪಕ್ಕದಲ್ಲಿದ್ದ ಮಣೆಯನ್ನು ಅವನ ಕಡೆ ಸರಿಸಿದಳು.

"ಮುಂದಿನ್ ವರ್ಷಕ್ಕೂ ಪಳನಿಯಪ್ಪನ್‌ಗೇ ಏಳಿವ್ನಿ ಕಣ್ಲಾ. ಕೋವಿ ಮನೇಲಿಟ್ಟು ನೀನ್ ಸುಮ್ಕೆ ಉಣ್ಣಾಕ್ ಬಾ," ಎಂದಳು.