ಆಮೆನ್ ಎಂದು ಉಪ್ಪು ನಿವಾಳಿಸಿದವರು

ಅವರ ಬಲಗೈ ಹೆಬ್ಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಉರಿಯುವ ಮೇಣದಬತ್ತಿಯನ್ನು ಅವರು ಊದಿ ಆರಿಸುತ್ತಿರಲಿಲ್ಲ, ಬೆರಳಿನಲ್ಲೇ ಹೊಸಕುತ್ತಿದ್ದರು. ಊದಿದರೆ ಬೇಡಿದ್ದು ಹಾರಿಹೋಗುತ್ತದಂತೆ. ಲಂಡನ್ನಿನ ಹೌನ್ಸ್ಲೋದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಕುಂದಾಪುರದ ಅಮ್ಮ ಅವರು. ಮೊದಲ ಸಲ ಲಿಫ್ಟಿನಲ್ಲಿ ಸಿಕ್ಕಾಗ ಬೆರಳಿಗೇನಾಯಿತು ಎಂದು ಕೇಳಿದ್ದೆ. "ನಾನ್ ಮಾಟ ಮಾಡ್ತೆ ಮಗಾ, ಹೆದ್ರಬೇಡ," ಎಂದರು. ಹಾಗಂದ ಮೇಲೆ ಹೆದರದೆ ಇರುವವರು ಯಾರು? ಮನೆಗೆ ಬಂದವಳೇ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ.

ಆ ವಿದ್ಯೆಯಲ್ಲಿ ಅರ್ಧ ಅವರ ಅಜ್ಜಿಯದು, ಇನ್ನರ್ಧ ಅವರ ಜೊತೆ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಹೆಂಗಸೊಬ್ಬಳಿಂದ ಕಲಿತದ್ದು. ಹೊಸಿಲಿಗೆ ಉಪ್ಪು, ದಾರಕ್ಕೆ ಗಂಟು, ಕಿಟಕಿಯಲ್ಲಿ ಒಣಗಿದ ಸೊಪ್ಪು. ಯಾರಿಗೂ ಕೆಡುಕು ಮಾಡಿದವರಲ್ಲ. ಗಂಡ ತೀರಿಕೊಂಡ ವರ್ಷ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಪ್ರಚಾರಕರಿಬ್ಬರು ಬಾಗಿಲು ತಟ್ಟಿ, ಗಂಡಹೆಂಡಿರ ನಂಟು ಸಾವಿನ ಆಚೆಗೂ ಉಳಿಯುತ್ತದೆ ಎಂದರಂತೆ. ಅಲ್ಲಿಂದ ಆ ಸಭೆ ಸೇರಿದರು. ಅಲ್ಲಿ ಕೂಡದೆಂದು ಕರಾವಳಿಯವರಾಗಿಯೂ ಕಾಫಿ ಬಿಟ್ಟರು, ಚಹಾ ಬಿಟ್ಟರು. ಮಾಟವೂ ಅಲ್ಲಿ ಕೂಡದು, ಅದನ್ನು ಮಾತ್ರ ಬಿಡಲಾಗಲಿಲ್ಲ. ಮೊಣಕಾಲೂರಿ ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸಿ, ಆಮೆನ್ ಎಂದು ಎದ್ದು, ಉಪ್ಪು ಎರಚುತ್ತಿದ್ದರು.

ಅವರಿಗೆ ಬೇಕಿದ್ದದ್ದು ಒಂದೇ. ಮಾರ್ಮನ್ನರ ದೇವಾಲಯದಲ್ಲಿ ಸತ್ತ ಗಂಡನ ಜೊತೆ ಶಾಶ್ವತವಾಗಿ ಬೆಸೆಯುವ ವಿಧಿಯೊಂದಿದೆ. ಒಳಗೆ ಹೋಗಲು ಮೊದಲು ಬಿಷಪ್ಪರ ಮುಂದೆ ಕೂತು, ಸಭೆಯ ನೇಮದಂತೆ ಬಾಳುತ್ತಿದ್ದೀರಾ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕು. ಆ ಬಿಷಪ್ಪರೇನು ಉದ್ದ ನಿಲುವಂಗಿಯವರಲ್ಲ, ವಾರವೆಲ್ಲ ಏರ್‌ಪೋರ್ಟಿನ ಗೋದಾಮಿನಲ್ಲಿ ಕೆಲಸ ಮಾಡುವವರು. ಆದರೂ ಅವರ ಹೆಸರೆತ್ತಿದರೆ ಅಮ್ಮ ದನಿ ತಗ್ಗಿಸುತ್ತಿದ್ದರು.

"ಸುಳ್ಳ್ ಹೇಳಿ ಒಳಗ್ ಹೋದ್ರೆ ಅಲ್ಲಿ ನಮ್ಮನಿಯವ್ರ ಕೈ ಹಿಡುಕೆ ಆತ್ತಾ? ನಿಜ ಹೇಳಿರೆ ಒಳಗೇ ಬಿಡುದಿಲ್ಲ. ಹೆದ್ರಿಕೆ ಆತ್ತ್ ಮಗಾ."

ಪ್ರಶ್ನೆಯ ದಿನ ಹತ್ತಿರ ಬಂದಾಗ ಉಪ್ಪು, ದಾರ, ಸೊಪ್ಪು, ಮೇಣದಬತ್ತಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ನನ್ನ ಕೈಗಿತ್ತರು. ಇನ್ನು ಮುಟ್ಟುವುದಿಲ್ಲ ಎಂದರು. ನನ್ನ ಗತಿ ಕೇಳಿ. ಬಾಯ್ಲರ್ ಪಕ್ಕದಲ್ಲಿಟ್ಟು, ಮೇಲೆ ಚಾಮುಂಡಿಯ ಕುಂಕುಮ ಹಚ್ಚಿ, ಆ ಕಡೆ ಕಾಲಿಡಲೂ ಅಂಜುತ್ತಿದ್ದೆ.

ಪ್ರಶ್ನೆಯ ಹಿಂದಿನ ದಿನ, ಶನಿವಾರ, ನನ್ನ ಮಗಳಿಗೆ ಜ್ವರ ಏರಿತು. ಬೆಳಿಗ್ಗೆ ನೋಡಿದ ಡಾಕ್ಟರು ವೈರಲ್ ಎಂದು ಔಷಧ ಕೊಟ್ಟಿದ್ದರು. ಸಂಜೆಗೆ ಮಗು ಛಾವಣಿಯ ಕಡೆ ನೋಡಿ ಕಿರುಚತೊಡಗಿತು. ಎತ್ತಿಕೊಂಡು ಓಡಾಡಿದೆ, ನಿಲ್ಲಿಸಲಿಲ್ಲ. ಕೂಗು ಮೇಲಿನವರೆಗೂ ಕೇಳಿರಬೇಕು, ಅಮ್ಮ ಬರಿಗಾಲಲ್ಲೇ ಇಳಿದು ಬಂದರು.

"ಚೀಲ ಎಲ್ಲಿತ್?"

"ಬೇಡಮ್ಮ, ನಾಳೆ ನಿಮಗೆ ಬಿಷಪ್ಪರ ಹತ್ತಿರ..."

"ಚೀಲ ಕೊಡ್."

ಮುಷ್ಟಿ ತುಂಬ ಉಪ್ಪು ಹಿಡಿದು ಮಗುವಿಗೆ ನಿವಾಳಿಸಿದರು. ತುಟಿಯಲ್ಲಿ ಅಜ್ಜಿಯ ಮಂತ್ರವಿತ್ತು, ಕೊನೆಗೆ ಆಮೆನ್ ಇತ್ತು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಏನು ಕಳೆದುಕೊಳ್ಳುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಗು ಬೆವೆತು ನಿದ್ದೆ ಹೋಯಿತು. ಔಷಧದಿಂದಲೋ ಉಪ್ಪಿನಿಂದಲೋ, ನಾನು ಯಾರ ಹತ್ತಿರವೂ ವಾದಕ್ಕಿಳಿಯುವುದಿಲ್ಲ.

ಮರುದಿನ ಸಭೆಯಿಂದ ಬಂದವರು ಕೋಟು ಬಿಚ್ಚದೆ ನಮ್ಮ ಅಡುಗೆಮನೆಯಲ್ಲಿ ಕೂತರು.

"ಎಲ್ಲ ಹೇಳ್ದೆ. ಅವ್ರ್ ಬೈಲಿಲ್ಲ. ಇನ್ನಾದ್ರೂ ಬಿಡ್ತ್ರಾ ಅಂದ್ ಕೇಂಡ್ರ್. ಮಗು ಕೂಗಿರೆ ಬಿಡುಕೆ ಆತಿಲ್ಲ ಅಂದೆ. ಹಂಗಾರೆ ಸ್ವಲ್ಪ ಕಾಲ ಕಾಯಿ ಅಂದ್ರ್."

ಕಾಯಲು ಕಾಲ ಇರಲಿಲ್ಲ. ಆ ಚಳಿಗಾಲದಲ್ಲೇ ಅಮ್ಮ ಹೃದಯ ನಿಂತು ತೀರಿಕೊಂಡರು. ನನ್ನ ಮಗಳಿಗಾಗಿ ಈ ಹೆಂಗಸು ಗಂಡನನ್ನು ಇನ್ನೊಮ್ಮೆ ಕಳೆದುಕೊಂಡಳಲ್ಲ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಅಂತ್ಯಕ್ರಿಯೆಯ ದಿನ ಅವರ ಸಭೆಯ ಹೆಂಗಸೊಬ್ಬಳ ಮುಂದೆ ಇದನ್ನೇ ಹೇಳಿ ಅತ್ತೆ. ಅವಳು ನನ್ನ ಭುಜ ಹಿಡಿದು, ಒಂದು ವರ್ಷ ಕಳೆದ ಮೇಲೆ, ಊರಿನಲ್ಲಿರುವ ಅಮ್ಮನ ತಂಗಿ ಒಪ್ಪಿದರೆ, ಅವರ ಪರವಾಗಿ ತಾನೇ ನಿಂತು ಆ ಬೆಸುಗೆ ಮಾಡಿಸುತ್ತೇನೆ ಎಂದಳು.

"ಬಿಷಪ್ಪರ ಪ್ರಶ್ನೆಗಳು?" ಎಂದೆ. ಅಮ್ಮನ ಹಾಗೇ ನಾನೂ ದನಿ ತಗ್ಗಿಸಿದ್ದೆ.

"ಅವು ನನಗೆ. ಸತ್ತವರನ್ನು ಯಾರೂ ಏನೂ ಕೇಳುವುದಿಲ್ಲ."

ತಂಗಿ ಫೋನಿನಲ್ಲೇ ಒಪ್ಪಿದರು. ಆ ಸಂಜೆ ಅಮ್ಮನ ಚೀಲದಿಂದ ಒಂದು ಮೇಣದಬತ್ತಿ ತೆಗೆದು ಹಚ್ಚಿದೆ. ಆರಿಸುವಾಗ ಊದಲು ಭಯವಾಯಿತು. ಬೆರಳಿನಲ್ಲೇ ಹೊಸಕಿದೆ, ಚುರ್ ಎಂದು ಸುಟ್ಟಿತು. ಬೇಡಿದ್ದು ಹಾರಿಹೋಗಬಾರದಲ್ಲ.