ಫಾರಿನ್ ರುಚಿ

ಮಾನ್ವಿಯ ಅಕ್ಕಿಗಿರಣಿ ಸಾಹುಕಾರರು ಅಲ್ಲಿಯ ಶಾಲೆಗೂ ಅಧ್ಯಕ್ಷರು. ವಿದೇಶದ್ದು ಏನು ಬಾಯಿಗಿಟ್ಟರೂ ಕಣ್ಣು ಮುಚ್ಚಿ, "ಫಾರಿನ್ ಅಂದ್ರ ಫಾರಿನ್ನೇ" ಎನ್ನುವರು. ಇಂಗ್ಲಿಷ್ ಮಾಸ್ತರಿಕೆ ಕೇಳಲು ನಾನು ಹೋದಾಗ ಸೇಬಿನ ಮದ್ಯ ಸೈಡರ್‌ನ ಎರಡು ಬಾಟಲಿ ಮುಂದಿದ್ದವು. ಒಂದು ಸಿಮ್ಲಾದ್ದು, ಇನ್ನೊಂದು ಅಳಿಯ ಲಂಡನ್ನಿನಿಂದ ತಂದದ್ದು.

ಸಿಮ್ಲಾದ್ದನ್ನು ಗುಟುಕರಿಸಿ, "ಥೂ, ಇದಕ್ಕಿಂತ ನಮ್ಮ ಸೇಂದಿ ಚಲೋ" ಎಂದರು. ಲಂಡನ್ನಿನದಕ್ಕೆ ಕಣ್ಣಲ್ಲಿ ನೀರೇ ಬಂತು.

"ಖಡಕ್ ಅದ! ಫಾರಿನ್ ಅಂದ್ರ ಫಾರಿನ್ನೇ. ನೀವು ಬಿ.ಎ. ಅಲ್ಲೇನ್ರಿ? ಮ್ಯಾಲ ಏನ್ ಬರದಾರ, ಓದ್ರಿ."

ನಮ್ಮ ಮನೆತನದಲ್ಲಿ ಇಂಗ್ಲಿಷ್ ಓದಬಲ್ಲ ಮೊದಲಿಗ ನಾನು. ಇದ್ದದ್ದನ್ನು ಇದ್ದ ಹಾಗೇ ಓದಿದೆ.

"ಸಾವ್ಕಾರ್ರ, ಇದು ಸೈಡರ್ ಅಲ್ರಿ, ಸೇಬಿನ ಸಿರ್ಕಾ, ವಿನೆಗರ್. ಉಪ್ಪಿನಕಾಯಿಗಿ ಹಾಕೋದು."

ಪಕ್ಕದಲ್ಲಿದ್ದ ಗುಮಾಸ್ತ ಕೆಮ್ಮಿದ. ಕೆಲಸ ಹೋಯಿತೆಂದುಕೊಂಡೆ.

ಸಾಹುಕಾರರು ಲೋಟದ ತಳದಲ್ಲಿ ಉಳಿದದ್ದನ್ನೂ ಕುಡಿದರು. "ಅವರ ಸಿರ್ಕಾನೇ ಹಿಂಗದ ಅಂದ್ರ, ಸೈಡರ್ ಹೆಂಗಿರಬೇಕ್ರಿ! ನಾಳಿಯಿಂದ ಸಾಲಿಗಿ ಬರ್ರಿ, ಮಾಸ್ತರ. ಆದ್ರ ಗಣಿತ ಕಲಸ್ರಿ. ಇಂಗ್ಲಿಷ್ ಬ್ಯಾಡ."